ಕಂದು ಕಲೆ ಮೂಡುವ ಮೊದಲೇ: ಕಪ್ಪು-ಬಿಳುಪು ಫಿಲ್ಮ್‌ಗೆ ಸ್ಟಾಪ್ ಬಾತ್ ಮತ್ತು ಫಿಕ್ಸರ್ ಆರಿಸಿಕೊಳ್ಳುವ ಬಗೆ

ನನ್ನ ಹಳೆಯ ನೆಗೆಟಿವ್‌ಗಳ ಫೈಲಿನಲ್ಲಿ ಆರು ಫ್ರೇಮುಗಳ ಒಂದು ಪಟ್ಟಿಯಿದೆ. ತೊಳೆದು ಒಣಗಿಸಿ ಇಟ್ಟ ದಿನ ಅದರಲ್ಲಿ ಒಂದು ಕುಂದೂ ಕಾಣಲಿಲ್ಲ. ನೆರಳಿನಲ್ಲಿ ವಿವರವಿತ್ತು, ಬೆಳಕಿನ ಭಾಗ ಹದವಾಗಿತ್ತು. ಏಳೆಂಟು ವರ್ಷ ಕಳೆದ ಮೇಲೆ ಹೊರತೆಗೆದು ಕಿಟಕಿಗೆ ಹಿಡಿದರೆ, ಅಂಚಿನ ತೂತುಗಳ ಸಾಲಿನಿಂದ ಹೊರಟ ಹಳದಿಗಂದು ಕಲೆ ಒಂದು ಮುಖದ ಅರ್ಧದವರೆಗೂ ಹಬ್ಬಿತ್ತು. ಆ ದಿನ ಬಳಸಿದ ಫಿಕ್ಸರ್ ಅದಕ್ಕೆ ಮುಂಚೆ ಎಷ್ಟು ರೋಲ್ ಕಂಡಿತ್ತೆಂದು ನಾನು ಬರೆದಿಟ್ಟಿರಲಿಲ್ಲ. ಬಾಟಲಿಯಲ್ಲಿ ಇತ್ತು, ಟ್ಯಾಂಕಿಗೆ ಸುರಿದೆ, ಐದು ನಿಮಿಷ ಅಲುಗಾಡಿಸಿದೆ.

ಡೆವಲಪರ್‌ನಲ್ಲಿ ತಪ್ಪಾದರೆ ಅವತ್ತೇ ತಿಳಿಯುತ್ತದೆ. ಫಿಕ್ಸರ್‌ನಲ್ಲಿ ಆದ ತಪ್ಪು ವರ್ಷಗಟ್ಟಲೆ ಸುಮ್ಮನಿರುತ್ತದೆ. ಆದರೂ ಹೊಸದಾಗಿ ಫಿಲ್ಮ್ ತೊಳೆಯಲು ಕೂತವರು ಡೆವಲಪರ್ ಆರಿಸುವುದಕ್ಕೆ ವಾರಗಟ್ಟಲೆ ತಲೆ ಕೆಡಿಸಿಕೊಂಡು, ಸ್ಟಾಪ್ ಮತ್ತು ಫಿಕ್ಸರನ್ನು ಸಿಕ್ಕಿದ್ದು ಸಾಕೆಂದು ತಂದಿಡುತ್ತಾರೆ. ಸ್ಟಾಪ್ ಬಾತ್‌ನ ಮಟ್ಟಿಗೆ ಅದು ಬಹುಪಾಲು ನಡೆಯುತ್ತದೆ, ಫಿಕ್ಸರ್‌ನ ಮಟ್ಟಿಗೆ ನಡೆಯುವುದಿಲ್ಲ. ಎರಡನ್ನೂ ಯಾವ ಲೆಕ್ಕದಲ್ಲಿ ಆರಿಸಬೇಕು, ಆರಿಸಿದ್ದನ್ನು ಹೇಗೆ ಪರೀಕ್ಷಿಸಿಕೊಳ್ಳಬೇಕು ಎಂಬುದನ್ನು ಕೆಲಸ ನಡೆಯುವ ಕ್ರಮದಲ್ಲೇ ಹೇಳುತ್ತೇನೆ.

ಟ್ಯಾಂಕಿನೊಳಗೆ ಏನಾಗುತ್ತದೆ

ಫಿಲ್ಮಿನ ಮೇಲಿನ ಜೆಲಟಿನ್ ಪದರದಲ್ಲಿ ಬೆಳ್ಳಿಯ ಲವಣದ ಕಣಗಳಿರುತ್ತವೆ. ಬೆಳಕು ತಾಗಿದ ಕಣಗಳನ್ನು ಡೆವಲಪರ್ ಲೋಹದ ಬೆಳ್ಳಿಯಾಗಿಸುತ್ತದೆ. ನೆಗೆಟಿವ್‌ನಲ್ಲಿ ಕಪ್ಪಾಗಿ ಕಾಣುವುದು ಆ ಬೆಳ್ಳಿಯೇ. ಬೆಳಕು ತಾಗದ ಲವಣ ಇದ್ದಲ್ಲೇ, ಹಾಲು ಬಳಿದಂತೆ ಮಸುಕಾಗಿ ಉಳಿದಿರುತ್ತದೆ. ಡೆವಲಪರನ್ನು ಹೊರಗೆ ಸುರಿದರೂ ಜೆಲಟಿನ್ ಹೀರಿಕೊಂಡ ಪಾಲು ಒಳಗೇ ಕೆಲಸ ಮಾಡುತ್ತಿರುತ್ತದೆ. ಅದನ್ನು ಅಲ್ಲಿಗೇ ನಿಲ್ಲಿಸುವುದು ಸ್ಟಾಪ್. ಉಳಿದ ಲವಣವನ್ನು ಕರಗಿಸಿ ಹೊರತೆಗೆಯುವುದು ಫಿಕ್ಸರ್.

ಡೆವಲಪರ್‌ಗಳೆಲ್ಲ ಹೆಚ್ಚುಕಡಿಮೆ ಕ್ಷಾರದಲ್ಲಿ ಕೆಲಸ ಮಾಡುವಂಥವು. ಆಮ್ಲ ತಾಗಿದ ಕೂಡಲೇ ಅವುಗಳ ಕೆಲಸ ನಿಲ್ಲುತ್ತದೆ. ಸ್ಟಾಪ್ ಬಾತ್ ಎಂದರೆ ಇಷ್ಟೇ, ತೆಳುವಾದ ಆಮ್ಲದ ನೀರು.

ಹೆಜ್ಜೆ 1: ಸ್ಟಾಪ್ ಆಮ್ಲದ್ದೋ, ಬರೀ ನೀರಿನದೋ

ನಿಮ್ಮ ಡೆವಲಪ್ ಮಾಡುವ ಅವಧಿ ಎಷ್ಟೆಂದು ಮೊದಲು ನೋಡಿ. ಐದು ನಿಮಿಷಕ್ಕಿಂತ ಕಡಿಮೆ ಇದ್ದರೆ ಅರ್ಧ ನಿಮಿಷದ ಹೆಚ್ಚುಕಡಿಮೆಯೂ ನೆಗೆಟಿವ್‌ನಲ್ಲಿ ಕಾಣುತ್ತದೆ, ಅಲ್ಲಿ ಆಮ್ಲದ ಸ್ಟಾಪ್ ಬೇಕು. ರೊಡಿನಾಲ್‌ನಂಥ ಡೆವಲಪರನ್ನು 1+50ರ ಪ್ರಮಾಣದಲ್ಲಿ, ಅಂದರೆ ಒಂದು ಪಾಲಿಗೆ ಐವತ್ತು ಪಾಲು ನೀರು ಸೇರಿಸಿ, ತೆಳುವಾಗಿ ಕಲಸಿ ಹತ್ತು ನಿಮಿಷಕ್ಕೂ ಹೆಚ್ಚು ಹೊತ್ತು ಇಡುವವರಿಗೆ ನೀರಿನ ಸ್ಟಾಪ್ ಸಾಕಾಗುತ್ತದೆ. ಡೆವಲಪರ್‌ನಷ್ಟೇ ತಂಪಿನ ನೀರು ತುಂಬಿ, ಐದಾರು ಸಲ ಟ್ಯಾಂಕನ್ನು ತಲೆಕೆಳಗು ಮಾಡಿ, ಸುರಿದುಬಿಡಿ. ಹೀಗೆ ಮೂರು ಸಲ. ಒಂದು ಸಲ ತುಂಬಿ ಸುರಿದರೆ ಅದು ಸ್ಟಾಪ್ ಆಗುವುದಿಲ್ಲ, ಡೆವಲಪರ್ ಇನ್ನಷ್ಟು ತೆಳುವಾಗುತ್ತದೆ ಅಷ್ಟೆ.

ನೀರಿನ ಸ್ಟಾಪ್‌ಗೆ ಇನ್ನೊಂದು ಬೆಲೆ ತೆರಬೇಕು. ಜೆಲಟಿನ್‌ನಲ್ಲಿ ಉಳಿದ ಕ್ಷಾರ ಫಿಕ್ಸರಿಗೆ ಸೇರುತ್ತದೆ. ಆಮ್ಲೀಯ ಫಿಕ್ಸರ್ ಆದರೆ ರೋಲಿನಿಂದ ರೋಲಿಗೆ ಅದರ ಆಮ್ಲ ಕುಗ್ಗುತ್ತ ಹೋಗುತ್ತದೆ. ಪಟಿಕ ಬೆರೆಸಿದ, ಅಂದರೆ ಜೆಲಟಿನ್ ಗಟ್ಟಿ ಮಾಡುವ ಫಿಕ್ಸರ್ ಆಗಿದ್ದರೆ ಕ್ಷಾರ ಹೆಚ್ಚಿದಂತೆ ತಳದಲ್ಲಿ ಬಿಳಿ ಕೆಸರು ಕೂರುತ್ತದೆ, ಗಟ್ಟಿ ಮಾಡುವ ಗುಣವೂ ಹೋಗುತ್ತದೆ. ಅಂಥ ಫಿಕ್ಸರ್ ಬಳಸುವವರು ಆಮ್ಲದ ಸ್ಟಾಪನ್ನು ಬಿಡಲೇಬಾರದು.

ಇದಕ್ಕೆ ಸರಿ ತಿರುವುಮುರುವು ಟಿಎಫ್-4ರಂಥ ಕ್ಷಾರೀಯ ಫಿಕ್ಸರ್‌ಗಳದ್ದು. ಅವು ಕ್ಷಾರವಾಗಿ ಉಳಿದರೇ ಚೆನ್ನ, ಆಮ್ಲ ಒಳಗೆ ಬರಬಾರದು. ಹಾಗಾಗಿ ಅವುಗಳ ಜೊತೆ ನೀರಿನ ಸ್ಟಾಪೇ ಸರಿ. ಸ್ಟಾಪ್ ಮತ್ತು ಫಿಕ್ಸರನ್ನು ಬೇರೆ ಬೇರೆಯಾಗಿ ಆರಿಸದೆ ಜೋಡಿಯಾಗಿ ಆರಿಸಬೇಕೆಂದು ನಾನು ಹೇಳುವುದು ಇದೇ ಕಾರಣಕ್ಕೆ.

ಹೆಜ್ಜೆ 2: ಆಮ್ಲ ಎಂದಾದರೆ ಯಾವ ಆಮ್ಲ

ಅಸಿಟಿಕ್ ಮತ್ತು ಸಿಟ್ರಿಕ್, ಇವೆರಡೇ ಮುಖ್ಯ. ಫಿಲ್ಮಿನ ಮೇಲೆ ಎರಡರ ಕೆಲಸದಲ್ಲೂ ಕಣ್ಣಿಗೆ ಕಾಣುವ ವ್ಯತ್ಯಾಸವಿಲ್ಲ. ವ್ಯತ್ಯಾಸವೆಲ್ಲ ಮೂಗಿಗೆ ಮತ್ತು ಬಾಳಿಕೆಗೆ.

ಅಸಿಟಿಕ್ ಆಮ್ಲದ ವಾಸನೆ ಘಾಟು. ಗಾಳಿಯಾಡದ ಸಣ್ಣ ಕೋಣೆಯಲ್ಲಿ ಗಂಟೆಗಟ್ಟಲೆ ಅದರ ಜೊತೆ ಇರುವುದು ಕಷ್ಟ. ಆದರೆ ಅಗ್ಗ, ಕೆಡುವುದಿಲ್ಲ. ಕೊಡಾಕ್‌ನ ಹಳೆಯ ಎಸ್‌ಬಿ-1 ಸೂತ್ರದಲ್ಲಿ ಒಂದು ಲೀಟರ್ ನೀರಿಗೆ ಶೇ 28ರ ಅಸಿಟಿಕ್ ಆಮ್ಲ 48 ಮಿಲಿ. ಅಚ್ಚ ಅಸಿಟಿಕ್ ಆಮ್ಲ ತಂದರೆ ಮೂರು ಪಾಲು ಆಮ್ಲವನ್ನು ಎಂಟು ಪಾಲು ನೀರಿಗೆ ಬೆರೆಸಿದರೆ ಶೇ 28ರದ್ದಾಗುತ್ತದೆ. ನೀರಿಗೆ ಆಮ್ಲ ಹಾಕಬೇಕು, ಆಮ್ಲಕ್ಕೆ ನೀರು ಎಂದೂ ಹಾಕಬಾರದು. ಅಚ್ಚ ಆಮ್ಲ ಚರ್ಮ ಸುಡುತ್ತದೆ, ಆವಿಗೆ ಬೆಂಕಿ ಹತ್ತುತ್ತದೆ. ಸುಮಾರು 16.6 ಡಿಗ್ರಿಗಿಂತ ಕೆಳಗೆ ಬಾಟಲಿಯೊಳಗೇ ಮಂಜಿನಂತೆ ಹೆಪ್ಪುಗಟ್ಟುತ್ತದೆ. ಮನೆಯ ಮಟ್ಟಿಗೆ ಅಚ್ಚ ಆಮ್ಲದ ಸಹವಾಸ ಬೇಡ ಎನ್ನುವುದೇ ನನ್ನ ಅಭಿಪ್ರಾಯ. ಶೇ 5ರ ಬಿಳಿ ವಿನಿಗರ್ ಒಂದು ಪಾಲಿಗೆ ಮೂರು ಪಾಲು ನೀರು ಬೆರೆಸಿದರೆ ಸಾಕಷ್ಟು ಒಳ್ಳೆಯ ಸ್ಟಾಪ್ ಸಿದ್ಧವಾಗುತ್ತದೆ. ಬಣ್ಣವಿಲ್ಲದ, ಬೇರೇನೂ ಬೆರೆಸದ ವಿನಿಗರ್ ಆಗಿರಬೇಕು.

ಸಿಟ್ರಿಕ್ ಆಮ್ಲಕ್ಕೆ ವಾಸನೆಯಿಲ್ಲ. ಅಡುಗೆಮನೆಯಲ್ಲಿ ನಿಂಬೆ ಉಪ್ಪು ಎನ್ನುವ ಹರಳೇ ಇದು. ಲೀಟರ್ ನೀರಿಗೆ 15 ಗ್ರಾಂ ಕರಗಿಸಿದರೆ ಸ್ಟಾಪ್ ಸಿದ್ಧ. ಇದರ ದೌರ್ಬಲ್ಯ ಒಂದೇ: ಕಲಸಿಟ್ಟರೆ ಕೆಲವು ವಾರಗಳಲ್ಲಿ ಬೂಸಲು ಹಿಡಿಯುತ್ತದೆ, ತಳದಲ್ಲಿ ಲೋಳೆಯಂಥದ್ದು ತೇಲಾಡುತ್ತದೆ. ಅದಕ್ಕೆ ನಾನು ಅವತ್ತಿಗೆ ಬೇಕಾದಷ್ಟನ್ನು ಕಲಸಿ, ಕೆಲಸ ಮುಗಿದ ಮೇಲೆ ಚೆಲ್ಲುತ್ತೇನೆ.

ಸಿದ್ಧ ದ್ರಾವಣ ಕೊಳ್ಳುವವರಿಗೆ ಇಲ್‌ಫರ್ಡ್‌ನ ಇಲ್ಫೊಸ್ಟಾಪ್ ಸಿಟ್ರಿಕ್ ಆಮ್ಲದ್ದು, 1+19ರಂತೆ ಕಲಸಬೇಕು, 20 ಡಿಗ್ರಿಯಲ್ಲಿ ಕನಿಷ್ಠ 10 ಸೆಕೆಂಡು. ಕೊಡಾಕ್‌ನ ಇಂಡಿಕೇಟರ್ ಸ್ಟಾಪ್ ಬಾತ್ ಅಸಿಟಿಕ್ ಆಮ್ಲದ್ದು, ಲೀಟರಿಗೆ 16 ಮಿಲಿ. ಯಾವುದಾದರೂ ನಾನು 30 ಸೆಕೆಂಡು ಬಿಡದೆ ಅಲುಗಾಡಿಸುತ್ತೇನೆ, ಅದರಿಂದ ನಷ್ಟವೇನಿಲ್ಲ. ಈ ಎರಡರಲ್ಲೂ ಸೂಚಕ ಬಣ್ಣ ಬೆರೆಸಿರುತ್ತಾರೆ. ಆಮ್ಲ ಇರುವಷ್ಟು ಕಾಲ ಹಳದಿ, ಸತ್ವ ಮುಗಿದಾಗ ನೇರಳೆ. ಒಂದೇ ಸ್ಟಾಪನ್ನು ಹಲವು ರೋಲಿಗೆ ಬಳಸುವವರಿಗೆ ಈ ಬಣ್ಣ ನಿಜಕ್ಕೂ ಉಪಕಾರಿ. ವಿನಿಗರ್ ಬಳಸುವವರು ಪಿಎಚ್ ಕಾಗದ ಇಟ್ಟುಕೊಳ್ಳಬೇಕು, ಇಲ್ಲವೇ ಒಂದು ಸಲ ಬಳಸಿ ಚೆಲ್ಲಬೇಕು.

ಆಮ್ಲದ ಸ್ಟಾಪ್ ಫಿಲ್ಮಿನಲ್ಲಿ ಸೂಜಿಮೊನೆಯ ತೂತು ಮಾಡುತ್ತದೆಂಬ ಮಾತು ಹಳಬರ ಬಾಯಲ್ಲಿ ಕೇಳಿರುತ್ತೀರಿ. ಅದು ಹುಟ್ಟಿದ್ದು ಸುಳ್ಳಿನಿಂದಲ್ಲ. ಸೋಡಿಯಂ ಕಾರ್ಬೊನೇಟ್ ಇರುವ ಡೆವಲಪರ್ ಕಡುವಾದ ಆಮ್ಲಕ್ಕೆ ಸೇರಿದರೆ ಇಂಗಾಲದ ಡೈಆಕ್ಸೈಡ್ ಗುಳ್ಳೆ ಏಳುತ್ತದೆ, ಮೆತ್ತಗಿನ ಜೆಲಟಿನ್ ಇದ್ದ ಹಳೆಯ ಕಾಲದ ಫಿಲ್ಮುಗಳಲ್ಲಿ ಆ ಗುಳ್ಳೆ ಪದರವನ್ನು ಕಿತ್ತದ್ದೂ ಇದೆ. ಇಂದಿನ ಫಿಲ್ಮುಗಳ ಜೆಲಟಿನ್ ಕಾರ್ಖಾನೆಯಲ್ಲೇ ಗಟ್ಟಿಯಾಗಿ ಬರುತ್ತದೆ. ಹೇಳಿದ ಪ್ರಮಾಣದಲ್ಲಿ ತೆಳುವಾಗಿ ಕಲಸಿದ ಸ್ಟಾಪ್‌ಗೆ ಹೆದರಬೇಕಿಲ್ಲ. ಮನಸ್ಸಿಗೆ ಸಮಾಧಾನವಿಲ್ಲದಿದ್ದರೆ ನಡುವೆ ಒಮ್ಮೆ ನೀರು ತುಂಬಿ ಸುರಿಯಿರಿ.

ಹೆಜ್ಜೆ 3: ಫಿಕ್ಸರ್ ಸೋಡಿಯಂನದೋ, ಅಮೋನಿಯಂನದೋ

ಇಂಗ್ಲೆಂಡಿನ ವಿಜ್ಞಾನಿ ಜಾನ್ ಹರ್ಷೆಲ್ 1819ರಲ್ಲೇ, ಫಿಕ್ಸರಿನ ಮುಖ್ಯ ಸಾಮಗ್ರಿಯಾದ ಥಯೋಸಲ್ಫೇಟ್ ಲವಣ ಬೆಳ್ಳಿಯ ಲವಣಗಳನ್ನು ಕರಗಿಸುತ್ತದೆಂದು ಕಂಡುಕೊಂಡಿದ್ದ. ಫೋಟೋಗ್ರಫಿ ಕಣ್ಣು ಬಿಟ್ಟದ್ದು ಅದಾಗಿ ಇಪ್ಪತ್ತು ವರ್ಷಕ್ಕೆ. ಕಡು ಉಪ್ಪುನೀರಿನಲ್ಲಿ ಚಿತ್ರ ಉಳಿಸಿಕೊಳ್ಳಲು ಫೋಟೋಗ್ರಫಿಯ ಆದ್ಯರಲ್ಲೊಬ್ಬನಾದ ಟಾಲ್ಬಟ್ ಹೆಣಗುತ್ತಿದ್ದಾಗ, 1839ರಲ್ಲಿ ಹರ್ಷೆಲ್ ಈ ದಾರಿ ತೋರಿಸಿದ. ಅಂದು ಅದನ್ನು ಸೋಡಾದ ಹೈಪೋಸಲ್ಫೈಟ್ ಎಂದು ಕರೆಯುತ್ತಿದ್ದರು. ಇಂದಿನ ಸರಿಯಾದ ಹೆಸರು ಸೋಡಿಯಂ ಥಯೋಸಲ್ಫೇಟ್, ಆದರೆ ಡಾರ್ಕ್‌ರೂಮಿನವರ ಬಾಯಲ್ಲಿ ಈಗಲೂ ಅದು ಹೈಪೋ. ಸುಮಾರು ಎರಡು ಶತಮಾನವಾದರೂ ಅದೇ ಥಯೋಸಲ್ಫೇಟ್ ನಮ್ಮ ಟ್ಯಾಂಕಿನಲ್ಲಿದೆ ಎನ್ನುವುದು ನನಗೆ ಪ್ರತಿಸಲವೂ ಸಂತೋಷ ಕೊಡುವ ಸಂಗತಿ.

ಪುಡಿ ಅಥವಾ ಹರಳಿನ ರೂಪದಲ್ಲಿ ಬರುವ ಸಾಂಪ್ರದಾಯಿಕ ಫಿಕ್ಸರ್‌ಗಳು ಸೋಡಿಯಂನವು. ರ‍್ಯಾಪಿಡ್ ಫಿಕ್ಸರ್ ಎಂದು ಬರೆದ ದ್ರಾವಣಗಳು ಅಮೋನಿಯಂ ಥಯೋಸಲ್ಫೇಟ್‌ನವು. ಸೋಡಿಯಂನದು ನಿಧಾನ, ಫಿಲ್ಮಿಗೆ 5ರಿಂದ 10 ನಿಮಿಷ ಬೇಕು. ಅಮೋನಿಯಂನದು ಚುರುಕು, ಇಲ್‌ಫರ್ಡ್ ರ‍್ಯಾಪಿಡ್ ಫಿಕ್ಸರ್ ಅಥವಾ ಹೈಪಾಮ್ 1+4ರಂತೆ ಕಲಸಿದರೆ 2ರಿಂದ 5 ನಿಮಿಷ.

ಹೊಸಬರಿಗೆ ಅಮೋನಿಯಂನದನ್ನೇ ಹೇಳುತ್ತೇನೆ. ಸಮಯ ಉಳಿಯುತ್ತದೆಂದಲ್ಲ. ಟಿ-ಮ್ಯಾಕ್ಸ್, ಡೆಲ್ಟಾ ಮುಂತಾದ ಚಪ್ಪಟೆ ಕಣದ ಫಿಲ್ಮುಗಳಲ್ಲಿ ಅಯೋಡೈಡ್ ಪ್ರಮಾಣ ಹೆಚ್ಚು. ಬೆಳ್ಳಿಯ ಅಯೋಡೈಡ್ ಕರಗುವುದು ಬಲು ಕಷ್ಟ, ಮೇಲಾಗಿ ಕರಗಿದ ಅಯೋಡೈಡ್ ಫಿಕ್ಸರಿನಲ್ಲೇ ಉಳಿದು ಮುಂದಿನ ರೋಲಿನ ಕೆಲಸವನ್ನು ಇನ್ನಷ್ಟು ಮಂದ ಮಾಡುತ್ತದೆ. ಹಳೆಯ ಬಗೆಯ ಫಿಲ್ಮುಗಳಿಗೆ ಹೈಪೋ ಧಾರಾಳ ಸಾಕು, ಈ ಫಿಲ್ಮುಗಳಿಗೆ ಅಮೋನಿಯಂನ ಚುರುಕು ಬೇಕೇ ಬೇಕು.

ಚುರುಕಿನದಕ್ಕೆ ಒಂದು ಎಚ್ಚರವೂ ಉಂಟು. ಆಮ್ಲೀಯ ರ‍್ಯಾಪಿಡ್ ಫಿಕ್ಸರಿನಲ್ಲಿ ಫಿಲ್ಮನ್ನು ಮರೆತು ಅರ್ಧ ಗಂಟೆ ಬಿಟ್ಟರೆ ಚಿತ್ರದ ಬೆಳ್ಳಿಯನ್ನೂ ಸ್ವಲ್ಪ ತಿನ್ನುತ್ತದೆ, ನೆರಳಿನ ತೆಳು ವಿವರಗಳು ಮೊದಲು ಹೋಗುತ್ತವೆ. ಎರಡು ನಿಮಿಷ ಹೆಚ್ಚಾದರೆ ಏನೂ ಆಗದು.

ಹೆಜ್ಜೆ 4: ಗಟ್ಟಿಕಾರಕ ಬೇಕೇ

ಬಹುತೇಕರಿಗೆ ಬೇಡ. ಜೆಲಟಿನ್ ಗಟ್ಟಿಯಾದಷ್ಟೂ ಒಳಗಿನ ಫಿಕ್ಸರ್ ತೊಳೆದು ಹೋಗುವುದು ತಡವಾಗುತ್ತದೆ. ನೀರು ಇಪ್ಪತ್ತೈದು ಡಿಗ್ರಿಗಿಂತ ಮೇಲಿದ್ದು ತಂಪು ಮಾಡುವ ದಾರಿಯೇ ಇಲ್ಲದಾಗ, ಅಥವಾ ಒದ್ದೆಯಲ್ಲಿ ಉಗುರು ತಾಗಿದರೂ ಗೀರು ಬೀಳುವಷ್ಟು ಮೆತ್ತಗಿನ ಫಿಲ್ಮ್ ನಿಮ್ಮದಾದಾಗ ಮಾತ್ರ ಗಟ್ಟಿಕಾರಕದ ಮಾತು. ಕೊಳ್ಳುವ ಮುನ್ನ ಡಬ್ಬಿಯ ಮೇಲೆ ಓದಿ ನೋಡಿ, ಕೆಲವು ಪುಡಿ ಫಿಕ್ಸರ್‌ಗಳಲ್ಲಿ ಅದು ಬೆರೆತೇ ಬರುತ್ತದೆ.

ಹೆಜ್ಜೆ 5: ನೀವೇ ಕಲಸುವುದಾದರೆ

ಕಚ್ಚಾ ಸಾಮಗ್ರಿ ಸಿಗುವವರಿಗೆ ಕೊಡಾಕ್‌ನ ಎಫ್-24 ಸೂತ್ರ ಒಳ್ಳೆಯದು, ಅದರಲ್ಲಿ ಗಟ್ಟಿಕಾರಕವಿಲ್ಲ. ಸುಮಾರು 50 ಡಿಗ್ರಿ ಬೆಚ್ಚಗಿನ ನೀರು ಅರ್ಧ ಲೀಟರ್ ತೆಗೆದುಕೊಳ್ಳಿ. ಹೈಪೋ ಹರಳು 240 ಗ್ರಾಂ ಹಾಕಿ ಪೂರ್ತಿ ಕರಗಿಸಿ. ಆಮೇಲೆ ಸೋಡಿಯಂ ಸಲ್ಫೈಟ್ 10 ಗ್ರಾಂ, ಅದು ಕರಗಿದ ಮೇಲೆ ಸೋಡಿಯಂ ಬೈಸಲ್ಫೈಟ್ 25 ಗ್ರಾಂ. ತಣ್ಣೀರು ಸೇರಿಸಿ ಒಂದು ಲೀಟರ್ ಮಾಡಿ.

ನೀರು ಬೆಚ್ಚಗೆ ಏಕೆಂದು ಮೊದಲ ಸಲ ಕಲಸಿದಾಗಲೇ ಅಂಗೈಗೆ ಗೊತ್ತಾಗುತ್ತದೆ. ಹರಳು ಬಿದ್ದು ಕಲಕತೊಡಗಿದ ಹಾಗೇ ಜಗ್ಗು ತಣ್ಣಗಾಗುತ್ತ ಬರುತ್ತದೆ, ಬಿಸಿಯಾಗಿ ಹಿಡಿದದ್ದು ನಿಮಿಷದಲ್ಲಿ ಉಗುರುಬೆಚ್ಚಗೆ, ಮತ್ತೊಂದು ನಿಮಿಷಕ್ಕೆ ಅದಕ್ಕಿಂತ ತಂಪು. ಹೈಪೋ ಕರಗುವಾಗ ನೀರಿನ ಶಾಖವನ್ನೇ ಹೀರಿಕೊಳ್ಳುತ್ತದೆ. ತಣ್ಣೀರಿನಲ್ಲಿ ಶುರು ಮಾಡಿದರೆ ಅರ್ಧ ಹರಳು ಕರಗದೆ ತಳದಲ್ಲಿ ಕೂತುಬಿಡುತ್ತದೆ.

ಹರಳಿನ ಬದಲು ನೀರಿನಂಶವಿಲ್ಲದ ಪುಡಿ ಸಿಕ್ಕಿದರೆ 240ರ ಜಾಗದಲ್ಲಿ ಸುಮಾರು 153 ಗ್ರಾಂ. ಸಲ್ಫೈಟನ್ನು ಮಾತ್ರ ಬಿಡಬೇಡಿ. ಬರೀ ಹೈಪೋಗೆ ಆಮ್ಲ ಸೇರಿದರೆ ಗಂಧಕ ಬೇರ್ಪಟ್ಟು ನೀರು ಹಾಲಾಗುತ್ತದೆ, ಸಲ್ಫೈಟ್ ಅದನ್ನು ತಡೆಯುತ್ತದೆ. ಸೂತ್ರದ ಕ್ರಮವೂ ಅದಕ್ಕೇ, ಆಮ್ಲೀಯವಾದ ಬೈಸಲ್ಫೈಟ್ ಕೊನೆಗೆ.

ಹೆಜ್ಜೆ 6: ಲೀಡರ್ ತುಂಡಿನ ಪರೀಕ್ಷೆ

ಈ ಲೇಖನದಲ್ಲಿ ಒಂದೇ ಒಂದನ್ನು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಬಾಟಲಿಯ ಮೇಲಿನ ಸಮಯ ತಯಾರಕರ ಅಂದಾಜು. ನಿಮ್ಮ ಫಿಲ್ಮ್, ನಿಮ್ಮ ನೀರು, ನೀವು ಕಲಸಿದ ಫಿಕ್ಸರ್, ಅದರ ಇವತ್ತಿನ ವಯಸ್ಸು, ಇವೆಲ್ಲ ಸೇರಿದ ಉತ್ತರ ಕೊಡುವುದು ಫಿಲ್ಮಿನ ತುಂಡು ಮಾತ್ರ.

35 ಮಿಮೀ ರೋಲನ್ನು ರೀಲಿಗೆ ಸುತ್ತುವ ಮೊದಲು ಕತ್ತರಿಸಿ ಎಸೆಯುವ ನಾಲಿಗೆಯಂಥ ತುದಿ ಇದೆಯಲ್ಲ, ಅದೇ ಲೀಡರ್. ಅದರಲ್ಲಿ ಎರಡು ಬೆರಳಗಲ ಸಾಕು. ದೀಪದ ಬೆಳಕಿನಲ್ಲೇ ಮಾಡುವ ಕೆಲಸ ಇದು.

ಒಂದು ಸಣ್ಣ ಬಿಳಿ ಬಟ್ಟಲಿಗೆ ಫಿಕ್ಸರ್ ಹಾಕಿ, ಕೆಲಸದ ತಾಪಮಾನದಲ್ಲೇ ಇರಲಿ. ಬೆರಳ ತುದಿಯಿಂದಲೋ ಕಡ್ಡಿಯಿಂದಲೋ ಒಂದು ಹನಿ ಫಿಕ್ಸರನ್ನು ಒಣ ತುಂಡಿನ ನಡುವೆ, ಎಮಲ್ಷನ್, ಅಂದರೆ ಜೆಲಟಿನ್ ಪದರ, ಇರುವ ಮಂಕು ಬದಿಗೆ ಇಡಿ. ಅರ್ಧ ನಿಮಿಷ ಕಾಯಿರಿ. ಹನಿಯ ಅಡಿಯಲ್ಲಿ ಮಸುಕು ಕರಗಿ ದುಂಡನೆಯ ಕಿಟಕಿ ತೆರೆದಂತಾಗುತ್ತದೆ. ಈಗ ಇಡೀ ತುಂಡನ್ನು ಬಟ್ಟಲಿಗೆ ಬಿಟ್ಟು ಗಡಿಯಾರ ಶುರು ಮಾಡಿ, ಅಲುಗಾಡಿಸುತ್ತಿರಿ. ಸುತ್ತಲಿನ ಮಸುಕು ತೆಳುವಾಗುತ್ತ ಬರುತ್ತದೆ, ಮೊದಲು ಅಂಚು, ಆಮೇಲೆ ಒಳಗೆ. ದುಂಡು ಗುರುತು ಎಲ್ಲಿತ್ತೆಂದು ಹುಡುಕಿದರೂ ಸಿಗದ ಆ ಕ್ಷಣ ಗಡಿಯಾರ ನಿಲ್ಲಿಸಿ. ಇದು ತಿಳಿಯಾಗುವ ಸಮಯ. ಹನಿಯನ್ನು ಮುಂಚೆ ಇಡದಿದ್ದರೆ ಹೋಲಿಸುವುದಕ್ಕೆ ಏನೂ ಇರುವುದಿಲ್ಲ, ಪೂರ್ತಿ ತಿಳಿಯಾಯಿತೋ ಇಲ್ಲವೋ ಎಂದು ಕಣ್ಣು ಮೋಸ ಹೋಗುತ್ತದೆ.

ಫಿಕ್ಸ್ ಮಾಡಬೇಕಾದ ಅವಧಿ ಇದರ ಎರಡರಷ್ಟು, ಚಪ್ಪಟೆ ಕಣದ ಫಿಲ್ಮುಗಳಿಗೆ ಮೂರರಷ್ಟು. ತಿಳಿಯಾದ ಮೇಲೂ ಏಕೆ ಮುಂದುವರಿಸಬೇಕೆಂದರೆ, ಮಸುಕು ಹೋದದ್ದು ಕಣ್ಣಿಗೆ ಮಾತ್ರ. ಬೆಳ್ಳಿಯ ಲವಣ ಥಯೋಸಲ್ಫೇಟ್ ಜೊತೆ ಸೇರಿ ಆದ ಸಂಯುಕ್ತ ಇನ್ನೂ ಜೆಲಟಿನ್ ಒಳಗೇ ಇರುತ್ತದೆ, ಹೊಸ ಥಯೋಸಲ್ಫೇಟ್ ಸಾಕಷ್ಟು ಸಿಕ್ಕಿದರೆ ಅದು ನೀರಿನಲ್ಲಿ ಹೋಗುವ ರೂಪಕ್ಕೆ ಬರುತ್ತದೆ. ಫಿಕ್ಸರ್ ಬಳಲಿದ್ದರೆ ಅಥವಾ ಸಮಯ ಸಾಲದಿದ್ದರೆ ಅರೆಬರೆ ಸಂಯುಕ್ತ ಜೆಲಟಿನ್‌ಗೆ ಕಚ್ಚಿಕೊಳ್ಳುತ್ತದೆ. ಆಮೇಲೆ ಎಷ್ಟು ಹೊತ್ತು ನೀರು ಹರಿಸಿದರೂ ಅದು ಬಿಡುವುದಿಲ್ಲ. ಕಾಲ ಕಳೆದಂತೆ ಒಡೆದು ಬೆಳ್ಳಿಯ ಸಲ್ಫೈಡ್ ಆಗುತ್ತದೆ. ನನ್ನ ಪಟ್ಟಿಯ ಮೇಲಿನ ಹಳದಿಗಂದು ಅದೇ.

ಹೊಸ ಫಿಕ್ಸರ್ ಕಲಸಿದ ದಿನ ಈ ಪರೀಕ್ಷೆ ಮಾಡಿ ಬಂದ ಸೆಕೆಂಡುಗಳನ್ನು ಬಾಟಲಿಯ ಮೇಲೇ ಬರೆಯಿರಿ, ಫಿಲ್ಮಿನ ಹೆಸರಿನ ಸಮೇತ. ಮುಂದಿನ ಪ್ರತಿ ಸರದಿಗೆ ಮುಂಚೆ ಅದೇ ಬಗೆಯ ಫಿಲ್ಮಿನ ತುಂಡಿನಿಂದ ಮತ್ತೆ ನೋಡಿ. ಮೊದಲ ದಿನ 40 ಸೆಕೆಂಡು ಇದ್ದದ್ದು 80 ಆಯಿತೆಂದರೆ ಆ ಫಿಕ್ಸರಿನ ಆಯಸ್ಸು ಮುಗಿಯಿತು. ಇನ್ನೊಂದು ರೋಲ್ ಮಾಡಿಬಿಡೋಣ ಎನ್ನಬೇಡಿ. ಫಿಕ್ಸರ್ ಒಂದು ಲೀಟರ್ ಉಳಿಸಲು ಹೋಗಿ ಮೂವತ್ತಾರು ಚಿತ್ರ ಕಳೆದುಕೊಳ್ಳುವ ವ್ಯಾಪಾರ ಅದು.

120 ಫಿಲ್ಮ್ ಬಳಸುವವರಿಗೆ ಲೀಡರ್ ಸಿಗುವುದಿಲ್ಲ. ಹಾಳಾದ ಒಂದು ರೋಲನ್ನು ಈ ಪರೀಕ್ಷೆಗೆಂದೇ ಎತ್ತಿಟ್ಟುಕೊಳ್ಳಿ.

ಹೆಜ್ಜೆ 7: ಲೆಕ್ಕ, ಮತ್ತು ಎರಡು ಬಾಟಲಿಯ ಪದ್ಧತಿ

ತುಂಡಿನ ಪರೀಕ್ಷೆಯ ಜೊತೆಗೆ ರೋಲಿನ ಲೆಕ್ಕವೂ ಇರಲಿ. ಬಾಟಲಿಗೆ ಒಂದು ಕಾಗದದ ಪಟ್ಟಿ ಅಂಟಿಸಿ ಪ್ರತಿ ರೋಲಿಗೆ ಒಂದು ಗೀಟು. ಇಲ್‌ಫರ್ಡ್ ತನ್ನ ರ‍್ಯಾಪಿಡ್ ಫಿಕ್ಸರಿಗೆ 1+4ರ ಒಂದು ಲೀಟರಿನಲ್ಲಿ 36 ಫ್ರೇಮಿನ 24 ರೋಲ್ ಎಂದು ಹೇಳುತ್ತದೆ. ನಾನು ಹದಿನೈದಕ್ಕೆ ನಿಲ್ಲಿಸುತ್ತೇನೆ. ಇದು ನನ್ನ ಜಾಗ್ರತೆ, ನಿಯಮವಲ್ಲ.

ತಿಂಗಳಿಗೆ ನಾಲ್ಕಾರು ರೋಲ್ ತೊಳೆಯುವವರು ಎರಡು ಬಾಟಲಿ ಇಟ್ಟುಕೊಳ್ಳುವುದು ಒಳ್ಳೆಯದು. ಎರಡರಲ್ಲೂ ಒಂದೇ ಫಿಕ್ಸರ್, ಒಂದನೆಯದು ಮತ್ತು ಎರಡನೆಯದು ಎಂದು ಗುರುತು. ಅರ್ಧ ಸಮಯ ಮೊದಲನೆಯದರಲ್ಲಿ, ಉಳಿದರ್ಧ ಎರಡನೆಯದರಲ್ಲಿ. ಹೊರೆಯೆಲ್ಲ ಮೊದಲನೆಯದರ ಮೇಲೆ ಬೀಳುತ್ತದೆ, ಎರಡನೆಯದು ಬಹುಪಾಲು ಹೊಸದಾಗೇ ಉಳಿದು ಕೊನೆಯ ಕೊಳೆ ತೆಗೆಯುತ್ತದೆ. ಮೊದಲನೆಯದು ಬಳಲಿದಾಗ ಅದನ್ನು ತೆಗೆದು, ಎರಡನೆಯದಕ್ಕೆ ಬಡ್ತಿ ಕೊಟ್ಟು, ಅದರ ಜಾಗಕ್ಕೆ ಹೊಸದು ಕಲಸಿ. ನಾಲ್ಕೈದು ಸಲ ಹೀಗೆ ಮಾಡಿದ ಮೇಲೆ ಎರಡನ್ನೂ ಬದಲಿಸಿ. ಅಪರೂಪಕ್ಕೆ ಒಂದು ರೋಲ್ ತೊಳೆಯುವವರಿಗೆ ಇದರ ಅಗತ್ಯವಿಲ್ಲ, ಸ್ವಲ್ಪವೇ ಕಲಸಿ ಬಳಸಿ ಮುಗಿಸಲಿ.

ಹೆಜ್ಜೆ 8: ಒಂದು ಸರದಿ, ಮೊದಲಿಂದ ಕೊನೆಯವರೆಗೆ

ಡೆವಲಪರ್, ಸ್ಟಾಪ್, ಫಿಕ್ಸರ್, ತೊಳೆಯುವ ನೀರು ನಾಲ್ಕನ್ನೂ ಮುಂಚೆಯೇ ಅಳೆದು ಒಂದೇ ತೊಟ್ಟಿಯಲ್ಲಿ ನಿಲ್ಲಿಸಿ, ಎಲ್ಲ 20 ಡಿಗ್ರಿಯ ಆಸುಪಾಸಿಗೆ ಬರಲಿ. ಒಂದರಿಂದ ಇನ್ನೊಂದಕ್ಕೆ ಹೋಗುವಾಗ ತಾಪಮಾನ ತೀರಾ ಜಿಗಿದರೆ ಜೆಲಟಿನ್ ಸುಕ್ಕುಗಟ್ಟಿ ಚಿತ್ರದ ಮೇಲೆ ಬಲೆಯಂಥ ಬಿರುಕು ಬೀಳುತ್ತದೆ.

ಡೆವಲಪರ್ ಸುರಿದ ಕೂಡಲೇ ಸ್ಟಾಪ್ ತುಂಬಿ, 30 ಸೆಕೆಂಡು ಬಿಡದೆ ಅಲುಗಾಡಿಸಿ, ಸುರಿಯಿರಿ. ಫಿಕ್ಸರ್ ತುಂಬಿ ಮೊದಲ ಅರ್ಧ ನಿಮಿಷ ಬಿಡದೆ, ಆಮೇಲೆ ಅರ್ಧ ನಿಮಿಷಕ್ಕೊಮ್ಮೆ ಐದು ಸೆಕೆಂಡು. ತುಂಬ ಜನ ಡೆವಲಪರನ್ನು ನಿಷ್ಠೆಯಿಂದ ಅಲುಗಾಡಿಸಿ ಫಿಕ್ಸರಿನ ಹೊತ್ತಿಗೆ ಟ್ಯಾಂಕನ್ನು ಪಕ್ಕಕ್ಕಿಟ್ಟು ಕೂರುತ್ತಾರೆ. ಫಿಲ್ಮಿನ ಪಕ್ಕದ ಬಳಲಿದ ದ್ರಾವಣ ಸರಿದು ಹೊಸದು ತಾಗದಿದ್ದರೆ ಸಮಯದ ಲೆಕ್ಕಕ್ಕೆ ಅರ್ಥವಿಲ್ಲ.

ಫಿಕ್ಸ್ ಆದ ಮೇಲೆ ಮುಚ್ಚಳ ತೆಗೆಯಬಹುದು. ತೊಳೆಯಲು ಇಲ್‌ಫರ್ಡ್ ಹೇಳಿಕೊಟ್ಟ ಕ್ರಮ ನೀರನ್ನೂ ಉಳಿಸುತ್ತದೆ: ನೀರು ತುಂಬಿ 5 ಸಲ ತಲೆಕೆಳಗು ಮಾಡಿ ಸುರಿ, ಮತ್ತೆ ತುಂಬಿ 10 ಸಲ, ಮತ್ತೆ ತುಂಬಿ 20 ಸಲ. ಇದು ಗಟ್ಟಿಕಾರಕವಿಲ್ಲದ ಫಿಕ್ಸರಿಗೆ ಮಾತ್ರ ಎನ್ನುವುದು ಗಮನದಲ್ಲಿರಲಿ. ಗಟ್ಟಿಕಾರಕ ಬಳಸಿದ್ದರೆ ಲೀಟರಿಗೆ 20 ಗ್ರಾಂ ಸೋಡಿಯಂ ಸಲ್ಫೈಟ್ ಕರಗಿಸಿದ ನೀರಿನಲ್ಲಿ ಎರಡು ನಿಮಿಷ ಇಟ್ಟು, ಆಮೇಲೆ ಹರಿಯುವ ನೀರಿನಲ್ಲಿ ಹೆಚ್ಚು ಹೊತ್ತು ತೊಳೆಯಿರಿ.

ಫಿಕ್ಸರಿನ ಹನಿ ಡೆವಲಪರಿಗೆ ಬೀಳಬಾರದು. ಸ್ವಲ್ಪ ಬೆರೆತರೂ ನೆಗೆಟಿವ್ ಮೇಲೆ ಎರಡು ಬಣ್ಣದಲ್ಲಿ ಮಿರುಗುವ ಮಂಕು ಕೂರುತ್ತದೆ. ಅಳತೆ ಲೋಟಗಳನ್ನು ಬೇರೆ ಬೇರೆ ಇಟ್ಟು ಹೆಸರು ಬರೆಯಿರಿ. ಕುಡಿಯುವ ನೀರಿನ ಬಾಟಲಿಗೆ ಈ ಯಾವ ದ್ರಾವಣವನ್ನೂ ತುಂಬಬೇಡಿ, ಮನೆಯಲ್ಲಿ ಮಕ್ಕಳಿರಲಿ ಇಲ್ಲದಿರಲಿ.

ಕಣ್ಣಿಗೆ ಕಾಣುವ ತೊಂದರೆಗಳು

ಟ್ಯಾಂಕ್ ತೆರೆದಾಗ ಫಿಲ್ಮ್ ಹಾಲಿನಂತೆ ಮಸುಕಾಗಿದ್ದರೆ ಗಾಬರಿ ಬೇಡ, ಫಿಕ್ಸ್ ಸಾಲದು ಅಷ್ಟೇ. ಬೆಳಕು ಕಂಡಿದ್ದರೂ ಪರವಾಗಿಲ್ಲ, ಹೊಸ ಫಿಕ್ಸರ್ ತುಂಬಿ ಇನ್ನೊಮ್ಮೆ ಪೂರ್ತಿ ಅವಧಿ ಇಡಿ. ಟಿ-ಮ್ಯಾಕ್ಸ್‌ನಂಥವು ತಿಳಿಯಾಗಿದ್ದೂ ನಸುಗೆಂಪಾಗಿ ಕಂಡರೆ ಅದು ಫಿಲ್ಮಿನ ಬಣ್ಣದ ಶೇಷ, ಫಿಕ್ಸರ್ ಬಳಲುತ್ತಿರುವುದರ ಮುನ್ಸೂಚನೆಯೂ ಆಗಿರಬಹುದು. ಹೊಸ ಫಿಕ್ಸರಿನಲ್ಲಿ ಮತ್ತೆರಡು ನಿಮಿಷ, ಆಮೇಲೆ ಮೇಲೆ ಹೇಳಿದ ಸಲ್ಫೈಟ್ ನೀರು, ಇಷ್ಟಕ್ಕೆ ಹೋಗುತ್ತದೆ. ಬಾಟಲಿಯ ಫಿಕ್ಸರಿನಲ್ಲಿ ಬಿಳಿ ಪುಡಿ ತೇಲುತ್ತಿದ್ದರೆ ಅದು ಗಂಧಕ. ಸೋಸಿ ಬಳಸುವ ಆಸೆ ಬೇಡ.

ಬಳಸಿದ ಫಿಕ್ಸರಿನಲ್ಲಿ ಕರಗಿದ ಬೆಳ್ಳಿಯಿರುತ್ತದೆ, ನೀರಿನ ಜೀವಿಗಳಿಗೆ ಅದು ವಿಷ. ಗಿಡದ ಬುಡಕ್ಕಾಗಲಿ ಬಾವಿಯ ಬಳಿಗಾಗಲಿ ಸುರಿಯಬಾರದು. ಬೆಳ್ಳಿ ತೆಗೆಯುವವರಿಗೆ ಅಥವಾ ರಾಸಾಯನಿಕ ತ್ಯಾಜ್ಯ ಸಂಗ್ರಹಿಸುವವರಿಗೆ ಕೂಡಿಟ್ಟು ಕೊಡಿ. ಬಟ್ಟೆಯ ಬ್ಲೀಚಿನ ಹತ್ತಿರಕ್ಕೂ ಫಿಕ್ಸರನ್ನಾಗಲಿ ಸ್ಟಾಪನ್ನಾಗಲಿ ಒಯ್ಯಬೇಡಿ, ವಿಷಗಾಳಿ ಏಳುತ್ತದೆ. ಸ್ಟಾಪ್ ಆದರೆ ಧಾರಾಳ ನೀರಿನ ಜೊತೆ ಚರಂಡಿಗೆ ಬಿಡಬಹುದು.

ಹಳೆಯ ನೆಗೆಟಿವ್ ಬಗ್ಗೆ ಅನುಮಾನವಿದ್ದರೆ

ಕೊಡಾಕ್‌ನ ಎಸ್‌ಟಿ-1 ಪರೀಕ್ಷೆ ಇದಕ್ಕೇ ಇರುವುದು. 125 ಮಿಲಿ ನೀರಿಗೆ 2 ಗ್ರಾಂ ಸೋಡಿಯಂ ಸಲ್ಫೈಡ್ ಕರಗಿಸಿಟ್ಟುಕೊಂಡು, ಬಳಸುವಾಗ ಒಂದು ಪಾಲಿಗೆ ಒಂಬತ್ತು ಪಾಲು ನೀರು. ಇದು ಸಲ್ಫೈಟ್ ಅಲ್ಲ, ಸಲ್ಫೈಡ್, ಹೆಸರಿನಲ್ಲಿ ಎಚ್ಚರ. ಆಮ್ಲ ತಾಗಿದರೆ ಕೊಳೆತ ಮೊಟ್ಟೆಯ ನಾತದ ವಿಷಗಾಳಿ ಬರುತ್ತದೆ, ಹೊರಗೆ ಗಾಳಿಯಲ್ಲಿ ಮಾಡಿ, ಸ್ಟಾಪ್ ಮತ್ತು ಫಿಕ್ಸರಿನಿಂದ ದೂರ. ನೆಗೆಟಿವ್‌ನ ಚಿತ್ರವಿಲ್ಲದ ತಿಳಿ ಅಂಚನ್ನು ಒದ್ದೆ ಮಾಡಿ ಒಂದು ಹನಿ ಇಟ್ಟು ಎರಡು ಮೂರು ನಿಮಿಷ ಬಿಟ್ಟು ಒರೆಸಿ. ಕಂಡೂ ಕಾಣದ ಕೆನೆಬಣ್ಣಕ್ಕಿಂತ ಗಾಢವಾದ ಕಲೆ ಮೂಡಿದರೆ ಬೆಳ್ಳಿ ಒಳಗೆ ಉಳಿದಿದೆ.

ಆ ಕಂದು ಪಟ್ಟಿ ಸಿಕ್ಕ ದಿನ ಅದೇ ರೋಲಿನ ಉಳಿದ ಐದು ಪಟ್ಟಿಗಳಿಗೂ ಹೀಗೆ ಹನಿ ಇಟ್ಟು ನೋಡಿದೆ. ಐದರಲ್ಲೂ ಕಲೆ ಬಂತು. ಹತ್ತು ನಿಮಿಷ ನೀರಿನಲ್ಲಿ ನೆನೆಸಿ, ಹೊಸದಾಗಿ ಕಲಸಿದ ರ‍್ಯಾಪಿಡ್ ಫಿಕ್ಸರಿನಲ್ಲಿ ಐದು ನಿಮಿಷ ಇಟ್ಟು, ಸಲ್ಫೈಟ್ ನೀರು ಕೊಟ್ಟು ತೊಳೆದು ಮತ್ತೆ ಹನಿ ಇಟ್ಟೆ. ಅಂಚು ಬೆಳ್ಳಗೇ ಉಳಿಯಿತು. ಮೊದಲ ಪಟ್ಟಿಯ ಮುಖದ ಮೇಲಿನ ಕಂದು ಮಾತ್ರ ಹೋಗಲಿಲ್ಲ, ಸಲ್ಫೈಡ್ ಆದದ್ದನ್ನು ಫಿಕ್ಸರ್ ಕರಗಿಸುವುದಿಲ್ಲ. ಆ ಪಟ್ಟಿಯನ್ನೂ ಉಳಿದವುಗಳ ಜೊತೆಗೇ ಅದೇ ಹಾಳೆಯಲ್ಲಿ ಇಟ್ಟಿದ್ದೇನೆ.